ತೆನೆ ಗುರುತಿನ ಚೂರಿ

ಸಿನಿಮಾದ ಮಂದಿ ಏನು ಬೇಕಾದರೂ ಹೇಳಿಕೊಳ್ಳಲಿ, ಆ ಚೂರಿ ಹುಟ್ಟಿದ್ದು ನಮ್ಮ ಉಗಾರ ಬುದ್ರುಕದಲ್ಲಿ, ನನ್ನ ಹಿಟ್ಟಿನ ಗಿರಣಿಯ ಎದುರಿನ ಕುಲುಮೆಯಲ್ಲಿ. ಅದನ್ನು ಹಡೆದವಳು ಕೆಂಚವ್ವ. ನಾನು ಕಣ್ಣಾರೆ ಕಂಡಿದ್ದೇನೆ. ಅದು ಅಮೇರಿಕದ್ದು, ಜಪಾನಿನದ್ದು ಅನ್ನುವವರು ಯಾರಿದ್ದರೂ ಈ ಸಾವಕ್ಕನ ಮುಂದೆ ನಿಂತು ಅನ್ನಲಿ. ಜೋಳದ ಜತೆ ಅವರನ್ನೂ ಬೀಸಿ ಕಳಿಸುತ್ತೇನೆ.

ಕೆಂಚವ್ವ ಕಂಬಾರ ಸತ್ತೆಪ್ಪನ ಹೆಂಡತಿ. ಊರು ಅದನ್ನು ಸತ್ತೆಪ್ಪನ ಕುಲುಮೆ ಅನ್ನುತ್ತದೆ. ಊರಿಗೇನು, ಎತ್ತು ಈದಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಊರು. ಇಕ್ಕಳದಲ್ಲಿ ಕಬ್ಬಿಣ ಹಿಡಿದು ಕೂರುವವನು ಸತ್ತೆಪ್ಪ. ಎದುರಿಗೆ ಸೆರಗು ಸೊಂಟಕ್ಕೆ ಬಿಗಿದು ನಿಂತು, ದೊಡ್ಡ ಸುತ್ತಿಗೆಯನ್ನು ತಲೆಯ ಮೇಲಿಂದ ಇಳಿಸುವವಳು ಅವಳು. ಸತ್ತೆಪ್ಪ ಕೆಟ್ಟವನಲ್ಲ. ಆದರೆ ಅವನಿಗೆ ದೇವರು ಕೈಗಿಂತ ಬಾಯಿಯನ್ನು ಹೆಚ್ಚು ಕೊಟ್ಟಿದ್ದಾನೆ. ಕೆಂಚವ್ವನಿಗೆ ಬಾಯಿಯೇ ಇಲ್ಲ. ಹೊಸದಾಗಿ ಗಿರಣಿಗೆ ಬಂದವರು ಅವಳನ್ನು ಮೂಕಿ ಅಂದುಕೊಂಡದ್ದೂ ಉಂಟು.

ಅವಳು ಅಥಣಿ ಕಡೆಯ ಅನಂತಪುರದವಳು. ಅವಳಪ್ಪನೂ ಕಂಬಾರನೇ, ಅವನಿಗೆ ಗಂಡುಮಕ್ಕಳಿರಲಿಲ್ಲ. ಮದುವೆಯಲ್ಲಿ ಅವನು ಮಗಳಿಗೆ ಬಂಗಾರ ಹಾಕಲಿಲ್ಲ, ತನ್ನ ಠಸ್ಸೆ ಕೊಟ್ಟ. ಬೆರಳುದ್ದದ ಉಕ್ಕಿನ ತುಂಡು, ತುದಿಯಲ್ಲಿ ಜೋಳದ ತೆನೆ ಕೆತ್ತಿದ್ದು. ಕಾದ ಅಲಗಿನ ಬುಡದಲ್ಲಿ ಅದನ್ನಿಟ್ಟು ಒಂದು ಪೆಟ್ಟು ಹಾಕಿದರೆ ತೆನೆ ಮೂಡುತ್ತದೆ. ಜತೆಗೆ ಅಪ್ಪ ಒಂದು ಮಾತನ್ನೂ ಕಟ್ಟಿ ಕಳಿಸಿದ್ದ: ತೆನೆ ಬಿದ್ದ ಅಲಗು ಧಾರೆ ಇಲ್ಲದೆ ಹೊಸ್ತಿಲು ದಾಟಬಾರದು. ಬೇರೆ ಕಂಬಾರರು ಕುಡುಗೋಲು ಬಡಿದು ಕೊಡುತ್ತಿದ್ದರು, ಸಾಣೆ ನೀವೇ ಹಿಡಿಸಿಕೊಳ್ಳಿ ಅನ್ನುತ್ತಿದ್ದರು. ಕೆಂಚವ್ವನ ಹತ್ತಿರ ಆ ಮಾತೇ ಇಲ್ಲ. ಕಾಗವಾಡದಿಂದ ರಾಯಬಾಗದವರೆಗೆ ಕಬ್ಬು ಕಡಿಯುವ ಮಂದಿಗೆಲ್ಲ ಗೊತ್ತಿತ್ತು: ಬುಡದಲ್ಲಿ ತೆನೆ ಇದ್ದರೆ ಬೆರಳು ಮುಟ್ಟಿಸಿ ನೋಡಬೇಡ, ನೆಟ್ಟಗೆ ಹೊಲಕ್ಕೆ ಹೋಗು.

ಗೊತ್ತಿತ್ತು ಅನ್ನುತ್ತಿದ್ದೇನೆ, ಯಾಕೆಂದರೆ ಈಗ ಕಬ್ಬು ಕಡಿಯಲು ಆನೆಯಂಥ ಮಷೀನು ಬರುತ್ತದೆ. ಮಷೀನು ಹೋಗದ ಹೊಲಕ್ಕೆ ಕೂಲಿ ಗ್ಯಾಂಗಿನವರು ಕಾರ್ಖಾನೆಯಲ್ಲಿ ತಯಾರಾದ ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ತರುತ್ತಾರೆ. ಕುಲುಮೆಯಲ್ಲಿ ಬೆಂಕಿ ಹೊತ್ತಿದ ದಿನ ಹಬ್ಬ ಅನ್ನುವ ಹಾಗಾಗಿತ್ತು. ಒಮ್ಮೆ ಕೆಂಚವ್ವ ಹಿಟ್ಟಿಗೆ ಬಂದವಳು ಕಂಬಕ್ಕೆ ಒರಗಿ ನಿಂತು ಅಂದಳು, "ಸಾವಕ್ಕಾ, ನಾ ಸತ್ತ ಮ್ಯಾಲ ಆ ತೆನಿ ಯಾರಿಗೂ ಗುರ್ತ ಸಿಗಂಗಿಲ್ಲ ನೋಡು."

"ಸಾಯೂ ಮಾತ ಯಾಕ ಆಡ್ತೀ ಬೇ ಮುಂಜಾನೆದ್ದು?" ಎಂದು ಬೈದೆ. ಅವಳು ಹಿಟ್ಟಿನ ಬುಟ್ಟಿ ಹೊತ್ತು ಹೋದಳು.

ಅಂಥ ಹೊತ್ತಿಗೇ ಸಿನಿಮಾ ಬಂತು. ಕೃಷ್ಣಾ ದಂಡೆಯ ಕಬ್ಬಿನ ತೋಟಗಳೇ ಅವರಿಗೆ ಪರದೇಶದ ಕಾಡಂತೆ. ಹೀರೊ ಹೆಲಿಕಾಪ್ಟರಿನಿಂದ ಬಿದ್ದು, ಕೈಯಲ್ಲಿ ಒಂದೇ ಒಂದು ಚೂರಿ ಹಿಡಿದು ಬದುಕಿ ಬರಬೇಕು, ಅದು ಕಥೆ. ನಮ್ಮ ಮಂದಿ ದಿನಾ ಕಳೆ ಕೀಳುವ ಹೊಲದಲ್ಲಿ ಅವನೊಬ್ಬ ಬದುಕಿ ಬಂದರೆ ಅದು ಸಾಹಸ! ಇರಲಿ. ಅವರು ಆನ್‌ಲೈನಿನಲ್ಲಿ ತರಿಸಿದ ಚೂರಿ ಮೊದಲ ದಿನವೇ ಎರಡು ತುಂಡಾಯಿತು. ಹೀರೊ ಒಂದು ಕಬ್ಬಿಗೆ ಬೀಸಿದ, ಹಿಡಿಕೆ ಕೈಯಲ್ಲಿ ಉಳಿಯಿತು, ಅಲಗು ಹಾರಿ ಹೋಯಿತು.

ಆಗ ಆ ಸಾಮಾನು ನೋಡಿಕೊಳ್ಳುವವನು ಕುಲುಮೆ ಹುಡುಕುತ್ತ ಬಂದ. ಮಿರಜದ ಕಡೆಯವನು. ಹೆಸರು ಸಮಾಧಾನ, ಮೈಯಲ್ಲಿ ಮಾತ್ರ ಅದರ ಗಂಧವೇ ಇರಲಿಲ್ಲ. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಎರಡು ಫೋನು, ಎರಡರಲ್ಲೂ ಯಾರೋ ಬೈಯುತ್ತಿದ್ದರು. ಫೋನಿನಲ್ಲಿ ಚೂರಿಯ ಚಿತ್ರ ತೋರಿಸಿದ. ನಾನೂ ಇಣುಕಿದೆ. ಮೊಳಕೈ ಉದ್ದದ ಅಲಗು, ಬೆನ್ನ ಮೇಲೆ ಗರಗಸದ ಹಲ್ಲು. ಹಿಡಿಕೆ ಪೊಳ್ಳು, ಅದರ ಮುಚ್ಚಳ ತಿರುಗಿಸಿದರೆ ಒಳಗೆ ದಿಕ್ಸೂಚಿ, ಮೀನಿನ ಗಾಳ, ಬೆಂಕಿಕಡ್ಡಿ, ಸೂಜಿ ದಾರ.

"ಎಲಿ ಅಡಿಕಿ ಇಡಾಕ ಜಾಗಾ ಇಲ್ಲೇನ?" ಎಂದಳು ಕೆಂಚವ್ವ. ಅವಳು ಚೇಷ್ಟೆ ಮಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. ಆ ದಿನ ಅವಳ ಮುಖ ಅರಳಿತ್ತು.

"ಮಾವಶಿ, ಚೇಷ್ಟಾ ಸಾಕ. ಹಿಂಗ ಮಾಡಿ ಕೊಡ್ತೀರೋ ಇಲ್ಲೋ?" ಎಂದ ಸಮಾಧಾನ. "ಒಂದ ಮಾತ ನೆಪ್ಪಿಡ್ರಿ. ಧಾರ ಬ್ಯಾಡ. ಚಮಕಬೇಕು, ಕಡೀಬಾರದು. ಮಂದಿ ಮೈಮ್ಯಾಲ ಆಡೂದೈತಿ."

"ಏ, ಬಿಡ್ರಿ ಸಾಹೇಬ್ರ! ಕುಂದ್ರೂ ಮಣಿಗಿಂತಾ ಮೊಂಡ ಮಾಡಿ ಕೊಡ್ತೀನಿ," ಎಂದ ಸತ್ತೆಪ್ಪ.

ಕೆಂಚವ್ವ ಒಂದೇ ಒಂದು ಪ್ರಶ್ನೆ ಕೇಳಿದಳು. "ಬುಡದಾಗ ನಮ್ಮ ತೆನಿ ಹಾಕ್ತೀನಿ. ಸಿನಿಮಾದಾಗ ಕಾಣ್ತೈತೇನ್ರಿ?"

ಸಮಾಧಾನ ಒಂದು ಫೋನನ್ನು ಕಿವಿ ಭುಜಗಳ ನಡುವೆ ಒತ್ತಿಕೊಂಡು ಎರಡೂ ಕೈ ಅಗಲಿಸಿದ. "ಕ್ಲೋಸಪ್ಪಿನ್ಯಾಗ ಎಮ್ಮಿಯಷ್ಟ ಕಾಣ್ತೈತಿ, ಮಾವಶಿ."

ಅಷ್ಟು ಸಾಕಾಯಿತು. ಕೆಟ್ಟ ಲಾರಿಯೊಂದರ ಪಾಟಾ, ಅದರ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ತಂದು ಕಾಯಿಸಿದರು. ಆ ಎರಡು ದಿನ ನನ್ನ ಗಿರಣಿಯ ಸದ್ದನ್ನೂ ಮೀರಿ ಅವಳ ಸುತ್ತಿಗೆ ಕೇಳಿಸಿತು. ಬೆನ್ನಿನ ಹಲ್ಲುಗಳನ್ನು ಅರ ಹಿಡಿದು ಒಂದೊಂದಾಗಿ ಕೊರೆದಳು. ಹಿಡಿಕೆಗೆ ಹಳೇ ಸೈಕಲ್ಲಿನ ಹ್ಯಾಂಡಲು ಕೊಯ್ದು ಹಾಕಿದರು. ಕೊನೆಗೆ ಅವಳು ಠಸ್ಸೆ ಹಿಡಿದಳು, ಸತ್ತೆಪ್ಪ ಹೊಡೆದ. ತೆನೆ ಎಷ್ಟು ಚೊಕ್ಕಟ ಮೂಡಿತ್ತೆಂದರೆ ಕಾಳು ಉದುರಿಸಬಹುದು ಅನ್ನಿಸುತ್ತಿತ್ತು. ಓಣಿಯವರೆಲ್ಲ ಬಂದು ನೋಡಿ ಹೋದರು. ಸತ್ತೆಪ್ಪ ಅದನ್ನು ಎದೆಯ ಮೇಲೆ ಹಿಡಿದು ಫೋಟೊ ತೆಗೆಸಿಕೊಂಡ. ಕೂಸು ಹುಟ್ಟುವ ಮುಂಚೆಯೇ ಕುಲಾವಿ!

ಮರುದಿನ ಸಮಾಧಾನ ಬಂದು ಒಯ್ದ. "ಧಾರ ಇಲ್ಲಲ್ಲ?" ಎಂದು ಕೇಳಿದ. "ಇಲ್ಲೇ ಇಲ್ರಿ," ಎಂದ ಸತ್ತೆಪ್ಪ. ಸಮಾಧಾನನ ಫೋನು ರಿಂಗಾಗುತ್ತಿತ್ತು. ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬಿಚ್ಚಿಯೂ ನೋಡದೆ ಜೀಪು ಹತ್ತಿದ.

ಈಗ ವಿಕ್ರಾಂತನ ಮಾತು. ಅವನು ನಮ್ಮೂರ ಪದ್ಮವ್ವನ ಒಬ್ಬನೇ ಮಗ. ಪದ್ಮವ್ವ ಕಬ್ಬಿನ ಗ್ಯಾಂಗಿನಲ್ಲಿ ದುಡಿದು, ತಾನು ಕಟಕ ರೊಟ್ಟಿ ತಿಂದು, ಅವನಿಗೆ ಹಾಲು ಬಾದಾಮಿ ಹಾಕಿ ಪೈಲ್ವಾನ ಮಾಡಿದ್ದಳು. ತಾಲೀಮಿನ ಮಣ್ಣಲ್ಲಿ ಅವನು ಯಾರ ಮುಂಗೈಯನ್ನಾದರೂ ಹಿಡಿದನೆಂದರೆ ಬಿಡಿಸಿಕೊಂಡವರಿಲ್ಲ. ಸಾಂಗ್ಲಿ ಕಡೆಯ ಕುಸ್ತಿ ಮೈದಾನಗಳಲ್ಲಿ ಅವನ ಹೆಸರು ಕೂಗಲು ಶುರುವಾಗಿತ್ತು. ಆ ಮೈಕಟ್ಟು ನೋಡಿ ಸಿನಿಮಾದವರು ಅವನನ್ನು ಹೀರೊ ಕೈಲಿ ಸಾಯುವ ಗೂಂಡಾ ಮಾಡಿದರು. ಹೊಡೆದಾಟಕ್ಕೆ ರಬ್ಬರಿನ ಚೂರಿ ಬರಬೇಕಿತ್ತು, ಬಂದಿರಲಿಲ್ಲ. ಇದೂ ಮೊಂಡು ತಾನೆ, ಇದರಲ್ಲೇ ಮುಗಿಸೋಣ ಅಂದರಂತೆ.

ಊರೆಲ್ಲ ನೋಡಲು ಹೋಗಿತ್ತು. ನಾನೂ ಗಿರಣಿ ಮುಚ್ಚಿ ಹೋಗಿದ್ದೆ, ಕೆಂಚವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ವಿಕ್ರಾಂತನ ಬಲದೋಳಿಗೆ ಬಣ್ಣದ ನೀರಿನ ಚೀಲ ಕಟ್ಟಿ ಮೇಲೆ ಅಂಗಿ ತೊಡಿಸಿದ್ದರು. ಹೀರೊ ಅದರ ಮೇಲೆ ಚೂರಿ ಎಳೆದ. ಕೆಂಪು ಚಿಮ್ಮಿತು. ವಿಕ್ರಾಂತ ಮುಖ ಹಿಂಡಿ ಮೊಣಕಾಲೂರಿದ. ಜನ ಸಿಳ್ಳೆ ಹಾಕಿದರು. ಡೈರೆಕ್ಟರು ನಿಲ್ಲಿಸಬೇಡಿ, ನಿಲ್ಲಿಸಬೇಡಿ ಎಂದು ಕೈ ಬೀಸುತ್ತಿದ್ದ. ಎಂಥಾ ಆ್ಯಕ್ಟಿಂಗ್ ಮಾಡ್ತಾನೋ ನಮ್ಮ ಹುಡುಗ ಎಂದು ನಾನೂ ಚಪ್ಪಾಳೆ ತಟ್ಟಿದೆ. ಪೈಲ್ವಾನ ಕೂಗುವುದಿಲ್ಲವಲ್ಲ, ಅವನಿಗೆ ಅದನ್ನೇ ಕಲಿಸಿರುತ್ತಾರೆ.

ಕೆಂಚವ್ವ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ನನ್ನ ಕೈಯನ್ನು ಹಿಡಿದಳು. ಬಳೆ ಒಡೆಯುವ ಹಾಗೆ ಹಿಡಿದಳು. ಆಮೇಲೆ ಪದ್ಮವ್ವ ಗುಂಪು ಸೀಳಿಕೊಂಡು ಓಡಿದಳು. "ಬಣ್ಣ ಅಲ್ಲೋ ಅದು, ನನ್ನ ಮಗನ ರಗತ! ಹಾಳಾಗಿ ಹೋಗ್ರೋ!" ಎಂದು ಅವಳು ಚೀರಿದಾಗಲೇ ಕ್ಯಾಮೆರಾ ನಿಂತಿದ್ದು.

ಮಿರಜದ ಆಸ್ಪತ್ರೆಯಲ್ಲಿ ತೋಳು ಹೊಲಿದರು. ಆದರೆ ಒಳಗಿನ ನರ ಹೋಗಿತ್ತು. ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಮುಂಗೈ ಹಿಡಿದರೆ ಬಿಡದಿದ್ದ ಹುಡುಗನಿಗೆ ಅನ್ನ ಕಲಸಲು ಬರದಾಯಿತು. ಸಿನಿಮಾದವರು ಇದು ಆಕಸ್ಮಿಕ ಎಂದರು, ಕೈ ಮುಗಿದರು, ಆಸ್ಪತ್ರೆಯದು ನೋಡಿಕೊಂಡರು, ಗಂಟು ಕಟ್ಟಿಕೊಂಡು ಹೋದರು. ಚೂರಿಗೆ ಧಾರೆ ಹೇಗೆ ಬಂತು ಎಂದು ಊರು ಒಂದು ವಾರ ಮಾತಾಡಿತು. ಆ ಸಮಾಧಾನನೇ ಚಮಕಿಸಲು ಹೋಗಿ ಎಲ್ಲೋ ಸಾಣೆ ಹಿಡಿಸಿರಬೇಕು ಎಂದು ಸತ್ತೆಪ್ಪ ಆಣೆ ಮಾಡಿ ಹೇಳಿದ. ಎಲ್ಲರೂ ನಂಬಿದರು. ನಾನೂ ನಂಬಿದೆ.

ಮುಂದಿನ ಸೋಮವಾರ ಕೆಂಚವ್ವ ಗಿರಣಿಗೆ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ನಾನು ಪಟ್ಟಾ ಬಿಚ್ಚಿ ಮಷೀನು ನಿಲ್ಲಿಸಿದೆ.

"ಧಾರ ನಾ ಹಿಡದೆ, ಸಾವಕ್ಕಾ," ಎಂದಳು.

"ಏನಂದಿ?"

"ಅವರು ಒಯ್ಯೂ ದಿನ. ಇವ್ರು ಇದ್ಲಿ ತರಾಕ ಹೋಗಿದ್ರು. ತೆನಿ ಬಿದ್ದಿತ್ತಲ್ಲ ಅದಕ್ಕ. ಮೊಂಡ ಅಲಗಿನ ಮ್ಯಾಲ ನಮ್ಮಪ್ಪನ ತೆನಿ ಕುಂತು, ಅದು ಊರೂರು ಸಿನಿಮಾದಾಗ ಕಾಣೂದಂದ್ರ ಹೆಂಗ? ಮನಸ ತಡೀಲಿಲ್ಲ. ಸಾಣಿಕಲ್ಲಿಗೆ ಹಚ್ಚಿಬಿಟ್ಟೆ. ಮಂದಿ ಮೈಮ್ಯಾಲ ಆಡೂದೈತಿ ಅಂದಿದ್ರು ಖರೆ, ಮೈಗೆ ತಾಗಸಂಗಿಲ್ಲ, ಬರೇ ಬೀಸಿ ತೋರಸ್ತಾರ ಅಂತ ತಿಳದಿದ್ದೆ."

ಬೇಡ ಅಂದದ್ದನ್ನು ಯಾಕೆ ಮಾಡಿದೆ ಎಂದು ನಾನು ಕೇಳಲಿಲ್ಲ. ಯಾಕೆಂದರೆ ನನಗೆ ಗೊತ್ತಿತ್ತು. ಆ ಹೆಂಗಸಿನ ಕೈಯಿಂದ ತೆನೆಯ ಜತೆ ಧಾರೆ ಬರದೇ ಇದ್ದ ಅಲಗು ಒಂದೂ ಇಲ್ಲ.

"ಪದ್ಮವ್ವಗ ಹೋಗಿ ಹೇಳ್ತೀನಿ," ಎಂದಳು.

"ಬಾಯಿ ಮುಚ್ಕೊಂಡ ಕುಂದ್ರು!" ಎಂದೆ. "ಹೇಳಿದ್ರ ಅವನ ಬೆರಳ ಮಡಚ್ತಾವೇನು? ಪೊಲೀಸರು ಬಂದು ಸತ್ತೆಪ್ಪನ್ನ ಎಳಕೊಂಡ ಹೋಗ್ತಾರ. ಯಾರಿಗೆ ಬಂತು ಪುಣ್ಯಾ?"

ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಅವಳು ತಲೆಯಾಡಿಸಿ ಎದ್ದು ಹೋದಳು. ಅವತ್ತಿನಿಂದ ಸುತ್ತಿಗೆ ಎತ್ತದಿರಲು ಅವಳಿಗೆ ಏನೋ ಒಂದು ನೆವ ಇರುತ್ತಿತ್ತು. ಇದ್ದಿಲು ತೇವ, ತೋಳು ನೋವು, ಕಣ್ಣಿಗೆ ಹೊಗೆ. ಸತ್ತೆಪ್ಪ ಒಬ್ಬನೇ ಸಣ್ಣಪುಟ್ಟ ಬೆಸುಗೆ ಮಾಡಿಕೊಂಡಿದ್ದ.

ಸಿನಿಮಾ ತಯಾರಾಯಿತು. ಬರುವ ಮುಂಚೆಯೇ ಫೋನುಗಳಲ್ಲಿ ಅದರ ಗದ್ದಲ. ಒಂದು ದಿನ ಸತ್ತೆಪ್ಪ ಕೆಂಡಾಮಂಡಲವಾಗಿ ನನ್ನ ಗಿರಣಿಗೆ ನುಗ್ಗಿದ. ಫೋನಿನಲ್ಲಿ ಹೀರೊ ಕುರ್ಚಿಯ ಮೇಲೆ ಕೂತು ಹೇಳುತ್ತಿದ್ದ: ಈ ಚೂರಿಯನ್ನು ಹಿಮ ಬೀಳುವ ದೇಶದ ಒಬ್ಬ ಮುದುಕ ಕುಶಲಕರ್ಮಿ ನನಗಾಗಿಯೇ ತಿಂಗಳುಗಟ್ಟಲೆ ಕೂತು ಮಾಡಿಕೊಟ್ಟ, ಅದರ ಉಕ್ಕಿನ ಗುಟ್ಟು ಅವನಿಗೊಬ್ಬನಿಗೇ ಗೊತ್ತು. ಕೆಳಗೆ ಸಾವಿರಾರು ಮಂದಿ ಕೈಮುಗಿದಿದ್ದರು. ಅದೇ ತರಹದ ಚೂರಿ ಎಲ್ಲಿ ಸಿಗುತ್ತದೆ ಎಂದು ಕೇಳಿದವರೂ ಇದ್ದರು. ಹುಚ್ಚಮುಂಡೆ ಮದುವೆಯಲ್ಲಿ ಉಂಡವನೇ ಜಾಣ.

"ಲಾರಿ ಪಾಟಾ ಅದು! ಹಿಮ ಬೀಳೂ ದೇಶದ್ದಂತ!" ಎಂದು ಸತ್ತೆಪ್ಪ ಕುದಿಯುತ್ತಿದ್ದ. "ಟೀವಿಯವರನ್ನ ಕರೀತೀನಿ. ಚಿಕ್ಕೋಡಿ ಕೋರ್ಟಿಗೆ ಹೋಗ್ತೀನಿ. ಠಸ್ಸೆ ತೋರಸ್ತೀನಿ. ತೆನಿ ನಮ್ಮದು ಅಂತ ಸಾಬೀತ ಮಾಡ್ತೀನಿ."

ಹಿಂದೆಯೇ ಬಂದಿದ್ದ ಕೆಂಚವ್ವ ಬಾಗಿಲಲ್ಲಿ ನಿಂತು ಅಂದಳು, "ಸುಮ್ನಿರ್ರಿ."

"ಯಾಕ ಸುಮ್ನಿರ್ಲಿ? ಜನ್ಮದಾಗ ಒಂದ ಸಲ ನಮ್ಮ ಹೆಸರ ಬರೂ ಹೊತ್ತಿಗೆ!"

"ಕೈಮುಗೀತೀನಿ. ಸುಮ್ನಿರ್ರಿ."

ಅವನಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಕೆಂಚವ್ವ ಚೂರಿ ನನ್ನದು ಅನ್ನಬೇಕಾದರೆ ವಿಕ್ರಾಂತನ ಕೈಯೂ ನನ್ನದು ಅನ್ನಬೇಕು. ತೆನೆಯನ್ನು ಎತ್ತಿಕೊಂಡರೆ ಧಾರೆಯೂ ಜತೆಗೆ ಬರುತ್ತದೆ. ಆ ಪರದೇಶದ ಮುದುಕ ಎಲ್ಲಿಯೂ ಇಲ್ಲದವನು, ಪುಣ್ಯವಂತ. ಅವನು ಕೀರ್ತಿಯನ್ನು ತಗೊಂಡ, ನೋವು ಇಲ್ಲೇ ಉಳಿಯಿತು.

ಸಿನಿಮಾ ಮಿರಜದ ಟಾಕೀಸಿಗೆ ಬಂದಾಗ ಊರಿನವರು ಟಂಟಂ ಗಾಡಿ ಬಾಡಿಗೆ ಮಾಡಿಕೊಂಡು ಹೋದರು. ಕೆಂಚವ್ವ ಬರುವುದಿಲ್ಲ ಎಂದಳು, ಸತ್ತೆಪ್ಪ ರಟ್ಟೆ ಹಿಡಿದು ಕರೆತಂದ. ನಾನು ಅವಳ ಪಕ್ಕದಲ್ಲಿ ಕೂತೆ. ಎರಡು ಸಾಲು ಮುಂದೆ ವಿಕ್ರಾಂತ ಕೂತಿದ್ದ. ಗೆಳೆಯರು ಒತ್ತಾಯ ಮಾಡಿ ಕರೆತಂದಿದ್ದರು. ನಿನ್ನ ಮುಖ ಪರದೆಯ ಮೇಲೆ ನೋಡು ಬಾ ಎಂದು. ಅವನ ಬಲಗೈ ಅಂಗಿಯ ಜೇಬಿನಲ್ಲಿತ್ತು.

ಕಬ್ಬಿನ ತೋಟ ಬಂತು, ನಮ್ಮವರೆಲ್ಲ ಕೂಗಿದರು. ಹೀರೊ ಸೊಂಟದಿಂದ ಚೂರಿ ತೆಗೆದ. ಕ್ಯಾಮೆರಾ ತುದಿಯಿಂದ ನಿಧಾನ ಕೆಳಗಿಳಿಯಿತು. ಹೊಳೆಯುವ ಅಲಗು, ಹಲ್ಲು, ಆಮೇಲೆ ಬುಡ. ಸಮಾಧಾನ ಸುಳ್ಳು ಹೇಳಿರಲಿಲ್ಲ. ಎಮ್ಮೆಯಷ್ಟು ದೊಡ್ಡ ತೆನೆ ಪರದೆಯ ತುಂಬ ಬಂದು ನಿಂತಿತು.

"ನಮ್ಮ ತೆನಿ!" ಎಂದು ಸತ್ತೆಪ್ಪ ಎದ್ದು ನಿಂತ. "ನೋಡ್ರೋ, ನಮ್ಮ ತೆನಿ!" ಟಾಕೀಸೇ ಹಾರುವಷ್ಟು ಸಿಳ್ಳೆ ಬಿತ್ತು.

ಕೆಂಚವ್ವ ಅವನ ಧೋತರದ ಚುಂಗು ಹಿಡಿದು ಜಗ್ಗಿದಳು. "ಕುಂದರ್ರಿ. ಅದು ನಮ್ಮದಲ್ಲ," ಎಂದಳು.

ಅಷ್ಟು ಮಂದಿಯಲ್ಲಿ ಪರದೆ ಬಿಟ್ಟು ಹಿಂದೆ ತಿರುಗಿದವನು ಒಬ್ಬನೇ. ವಿಕ್ರಾಂತ ತಿರುಗಿ ಕೆಂಚವ್ವನನ್ನು ನೋಡಿದ. ಬೈಯುವ ಮುಖವಲ್ಲ, ಅಳುವ ಮುಖವೂ ಅಲ್ಲ. ಆಮೇಲೆ ಮುಂದಕ್ಕೆ ತಿರುಗಿ ತಾನು ಸಾಯುವುದನ್ನು ನೋಡಿದ. ಆ ರಕ್ತವನ್ನೇ ಅವರು ಸಿನಿಮಾದಲ್ಲಿ ಇಟ್ಟಿದ್ದರು.

ಕಬ್ಬಿನ ಹಂಗಾಮು ಶುರುವಾಯಿತು. ಪದ್ಮವ್ವನ ಸೊಂಟ ಸೋತಿತ್ತು, ಮಗ ಗ್ಯಾಂಗಿಗೆ ಹೊರಡಬೇಕಾಯಿತು. ಮುಂಜಾನೆ ನಾನು ಗಿರಣಿಯ ಕಟ್ಟೆ ಗುಡಿಸುತ್ತಿದ್ದಾಗ ಅವನು ಕುಲುಮೆಯ ಮುಂದೆ ಬಂದು ನಿಂತ.

"ಕಾಕು, ಎಡಗೈದು ಒಂದು ಕೊಯ್ತಾ ಬೇಕು. ಬಜಾರದಾಗಿನವು ಎಲ್ಲಾ ಬಲಗೈವ. ಎಡಗೈಲೆ ಬೀಸಿದ್ರ ಜಾರತಾವ."

ಕೆಂಚವ್ವ ಅವನ ಮುಖ ನೋಡಲಿಲ್ಲ. "ನಾಡಿದ್ದ ಬಾರಪ್ಪಾ," ಎಂದಳು. ಎಷ್ಟೋ ತಿಂಗಳ ಮೇಲೆ ಮತ್ತೆ ಅವಳ ಸುತ್ತಿಗೆ ಕೇಳಿತು. ನನಗೆ ಒಳಗೊಳಗೇ ಹಿಗ್ಗಾಯಿತು. ಹೆಂಗಸು ಎದ್ದು ಕೂತಳಪ್ಪಾ, ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಹೇಳಿದ ದಿನ ವಿಕ್ರಾಂತ ಬಂದಾಗ ನಾನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ ನಿಂತೆ.

ಎಂಥಾ ಕೊಯ್ತಾ ಅದು! ಎಡಗೈಗೆ ಒಗ್ಗುವ ಬಾಗು, ಕೈಯಲ್ಲಿ ಹಿಡಿದರೆ ತಾನೇ ಬೀಸುವ ತೂಕ. ವಿಕ್ರಾಂತ ಗಾಳಿಯಲ್ಲಿ ಒಮ್ಮೆ ಬೀಸಿ ನೋಡಿದ. ಆಮೇಲೆ ಅದನ್ನು ಅಡಿಗಲ್ಲಿನ ಮೇಲಿಟ್ಟು ಎಡಗೈ ಹೆಬ್ಬೆರಳನ್ನು ಅಂಚಿಗೆ ಮುಟ್ಟಿಸಿದ.

"ಧಾರ ಹಿಡದಿಲ್ಲಲ್ಲ, ಕಾಕು?"

"ಕೈ ಬರವಲ್ದು," ಎಂದಳು ಕೆಂಚವ್ವ. ಅವಳ ಹಿಂದೆ ಸಾಣೆಕಲ್ಲು ಒದ್ದೆಯಾಗಿತ್ತು. ನೀರು ಹಾಕಿ, ಕೂತು, ಎದ್ದುಬಿಟ್ಟಿದ್ದಳು. "ಮುಂಜಾನಿಂದ ನೋಡಿದೆ. ಕಲ್ಲಿಗೆ ಹಚ್ಚಾಕ ಹೋಗಿ ಹೊಳ್ಳಿ ಇಟ್ಟೆ. ವಿಕ್ರಾಂತಾ, ಆವತ್ತಿನ ಚೂರಿಗೆ ಧಾರ ಹಿಡದಾಕಿ ನಾನ."

ಸತ್ತೆಪ್ಪನ ಕೈಯಿಂದ ಇಕ್ಕಳ ಬಿತ್ತು. ನಾನು ದೇವರೇ ಅಂದೆ.

"ಗೊತ್ತೈತಿ, ಕಾಕು," ಎಂದ ವಿಕ್ರಾಂತ. "ಟಾಕೀಸದಾಗ ತೆನಿ ಕಂಡ್ನಲ್ಲ. ತೆನಿ ಇದ್ದಲ್ಲಿ ಧಾರ ಇರ್ತೈತಿ. ನಾ ಸಣ್ಣಾಂವ ಇದ್ದಾಗಿಂದ ನಮ್ಮವ್ವ ಹೇಳ್ಯಾಳ, ತೆನಿ ಇದ್ದದ್ದಕ್ಕ ಬೆರಳ ಹಚ್ಚಬ್ಯಾಡ ಅಂತ."

"ಗೊತ್ತಿದ್ದೂ ನನ್ನ ಕಡೆನ ಬಂದ್ಯಾ?"

"ಎಡಗೈದು ಮತ್ಯಾರ ಮಾಡ್ತಾರ?"

ಒಂದು ಬೈಗುಳ ಬೈದಿದ್ದರೆ, ಒಂದು ಕಲ್ಲು ಎತ್ತಿ ಒಗೆದಿದ್ದರೆ ಕೆಂಚವ್ವನಿಗೆ ಉಸಿರಾಡಲು ಬರುತ್ತಿತ್ತೋ ಏನೋ. ಅವನು ಕೊಯ್ತಾವನ್ನು ತಿರುಗಿಸಿ ಬುಡ ನೋಡಿದ. ಅಲ್ಲಿ ನುಣ್ಣಗಿತ್ತು.

"ತೆನಿನೂ ಹಾಕಿಲ್ಲ."

"ಧಾರ ಇಲ್ಲದ್ದಕ್ಕ ತೆನಿ ಬೀಳಂಗಿಲ್ಲಪ್ಪಾ," ಎಂದಳು.

ಅವನು ತಲೆಯಾಡಿಸಿದ. ಬಲಗೈ ಹಿಡಿಯುವುದಿಲ್ಲವಲ್ಲ, ಕೊಯ್ತಾವನ್ನು ಬಲ ಕಂಕುಳಲ್ಲಿ ಸಿಗಿಸಿಕೊಂಡು, ಎಡಗೈಯಲ್ಲಿ ಸೈಕಲ್ಲು ತಳ್ಳುತ್ತ ಹೋದ. ಉಗಾರ ಖುರ್ದದ ಬಜಾರಿನಲ್ಲಿ ಕರೆಂಟಿನ ಚಕ್ರ ಇಟ್ಟುಕೊಂಡವನೊಬ್ಬ ಇದ್ದಾನೆ, ಅವನ ಹತ್ತಿರ ಧಾರೆ ಹಿಡಿಸಲು.

ಕೆಂಚವ್ವ ಸಾಣೆಕಲ್ಲಿನ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕುಲುಮೆಯ ಕೆಂಡಕ್ಕೆ ಬೂದಿ ಎಳೆದಳು. ಆ ಕೊಯ್ತಾವೇ ಅವಳ ಕೈಯ ಕೊನೆಯ ಕೆಲಸ. ಸತ್ತೆಪ್ಪ ಬಿದ್ದ ಇಕ್ಕಳವನ್ನು ಎತ್ತಿ ಗೋಡೆಗೆ ತೂಗುಹಾಕಿದ. ನಾನು ಅಲ್ಲಿ ನಿಂತು ಏನು ಮಾಡಲಿ? ಜೋಳ ಹೊತ್ತು ಮಂದಿ ಬಂದಿದ್ದರು, ಹೋಗಿ ಗಿರಣಿ ಚಾಲೂ ಮಾಡಿದೆ.